ಪ್ಲಾಸ್ಮಾ ನೈಟ್ರೈಡಿಂಗ್: ತಾಪಮಾನದ ಮೇಲೆ ಯಾಕೆ ಇಷ್ಟು ಕಣ್ಣಿಡಬೇಕು?

ಗೇರ್, ಕ್ರ್ಯಾಂಕ್‌ಶಾಫ್ಟ್, ಡೈ ಇವೆಲ್ಲ ಸವೆಯುವುದು ಮೇಲ್ಮೈಯಲ್ಲಿ. ಅಲ್ಲಿ ಮಾತ್ರ ಗಡಸುತನ ಬೇಕು, ಒಳಗಿನ ಉಕ್ಕು ಪೆಟ್ಟು ತಾಳುವಂತಿರಬೇಕು. ಅದಕ್ಕೇ ಮೇಲ್ಪದರಕ್ಕೆ ನೈಟ್ರೋಜನ್ ಸೇರಿಸುತ್ತಾರೆ. ಇದೇ ನೈಟ್ರೈಡಿಂಗ್. ಹಳೆಯ ದಾರಿ ಅಂದರೆ ಬಿಸಿ ಕುಲುಮೆಗೆ ಅಮೋನಿಯಾ ಹಾಯಿಸುವುದು. ಪ್ಲಾಸ್ಮಾ, ಅಂದರೆ ವಿದ್ಯುತ್ತಿನಿಂದ ಆವೇಶ ಪಡೆದ ಅನಿಲ, ಬಳಸುವ ದಾರಿಯನ್ನು 1930ರ ದಶಕದಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಬರ್ಗ್‌ಹೌಸ್ ಬೆಳೆಸಿದರು.

ಇಲ್ಲಿ ಜಾಬ್, ಅಂದರೆ ನಾವು ಒಳಗಿಟ್ಟ ಉಕ್ಕಿನ ಭಾಗವೇ ಕ್ಯಾಥೋಡ್ (ಋಣ ತುದಿ). ಕೋಣೆಯ ಗೋಡೆ ಆನೋಡ್ (ಧನ ತುದಿ). ಗಾಳಿಯನ್ನು ಹೊರಗೆಳೆದು, ಕೆಲವೇ ಮಿಲಿಬಾರ್ ಒತ್ತಡದಲ್ಲಿ ನೈಟ್ರೋಜನ್ ಮತ್ತು ಹೈಡ್ರೋಜನ್ ಬಿಡುತ್ತಾರೆ. ಕೆಲವು ನೂರು ವೋಲ್ಟ್ ಕೊಟ್ಟಾಗ ಜಾಬ್ ಸುತ್ತ ನೇರಳೆ ಬೆಳಕು ಹೊತ್ತಿಕೊಳ್ಳುತ್ತದೆ. ಅನಿಲದ ಧನ ಅಯಾನುಗಳು, ಅಂದರೆ ಧನ ಆವೇಶದ ಕಣಗಳು, ಮೇಲ್ಮೈಗೆ ಬಡಿಯುತ್ತವೆ. ಆ ಬಡಿತಕ್ಕೆ ಉಕ್ಕು ಬಿಸಿಯಾಗುತ್ತದೆ, ಆಕ್ಸೈಡ್ ಕಿತ್ತುಹೋಗುತ್ತದೆ, ನೈಟ್ರೋಜನ್ ಒಳಗಿಳಿಯುತ್ತದೆ. ಒಂದೇ ಏಟಿಗೆ ಮೂರು ಕೆಲಸ! ನನಗೆ ಈ ವಿಧಾನದಲ್ಲಿ ಬಹಳ ಇಷ್ಟವಾಗುವುದು ಇದೇ.

ಸಾಮಾನ್ಯವಾಗಿ 400ರಿಂದ 580 ಡಿಗ್ರಿ ಸೆಲ್ಸಿಯಸ್ ಸಾಕು. ಉಕ್ಕಿನ ಒಳರಚನೆ ಬದಲಾಗಿ ಆಸ್ಟೆನೈಟ್ ಎಂಬ ರೂಪಕ್ಕೆ ತಿರುಗುವಷ್ಟು ಬಿಸಿ ಇದಲ್ಲ. ಆಮೇಲೆ ಕ್ವೆಂಚಿಂಗ್, ಅಂದರೆ ತಟ್ಟನೆ ತಣಿಸುವುದು, ಕೂಡ ಬೇಡ. ಹಾಗಾಗಿ ಜಾಬ್ ಸೊಟ್ಟಗಾಗುವುದು ತೀರಾ ಕಡಿಮೆ. ಆದರೆ ಮೊದಲು ಮಾಡಿದ ಟೆಂಪರಿಂಗ್‌ನ (ಗಡಸು ಉಕ್ಕಿನ ಪೆಡಸುತನ ತಗ್ಗಿಸಲು ಮತ್ತೆ ಬಿಸಿ ಮಾಡುವುದು) ತಾಪಮಾನವನ್ನು ದಾಟಬಾರದು. ದಾಟಿದರೆ ಒಳಗಿನ ಉಕ್ಕು ಮೆತ್ತಗಾಗುತ್ತದೆ.

ಗಡಸುತನ ಸುಮ್ನೆ ಬರುವುದಿಲ್ಲ. ಉಕ್ಕಿನಲ್ಲಿರುವ ಕ್ರೋಮಿಯಂ, ಅಲ್ಯೂಮಿನಿಯಂ, ವೆನೇಡಿಯಂ ಜೊತೆ ನೈಟ್ರೋಜನ್ ಸೇರಿ ಅತಿ ಸಣ್ಣ ನೈಟ್ರೈಡ್ ಕಣಗಳಾಗಬೇಕು. ಅಲ್ಯೂಮಿನಿಯಂ ಇರುವ ಇಎನ್41ಬಿ ದರ್ಜೆಯ ಉಕ್ಕು, ಗಡಸುತನದ ವಿಕರ್ಸ್ ಅಳತೆಯಲ್ಲಿ, ಸುಮಾರು 1000 ಮುಟ್ಟುತ್ತದೆ. ಸಾದಾ ಮೈಲ್ಡ್ ಸ್ಟೀಲ್‌ಗೆ ಅಷ್ಟು ಲಾಭವಿಲ್ಲ.

304 ಸ್ಟೇನ್‌ಲೆಸ್ ಸ್ಟೀಲ್ ಬಗ್ಗೆ ನಿಧಾನವಾಗಿ ಓದಿ. ಅದರ ಮೇಲಿನ ಕ್ರೋಮಿಯಂ ಆಕ್ಸೈಡ್ ನೈಟ್ರೋಜನ್ ಅನ್ನು ತಡೆಯುತ್ತದೆ. ಅಯಾನು ಬಡಿತ ಆ ತಡೆಯನ್ನು ತೆಗೆಯುತ್ತದೆ, ಸರಿ. ಹಾಗಂತ 550 ಡಿಗ್ರಿಗೆ ಏರಿಸಿದರೆ? ಕ್ರೋಮಿಯಂ ಎಲ್ಲ ಕ್ರೋಮಿಯಂ ನೈಟ್ರೈಡ್ ಆಗಿ ಕಟ್ಟಿಹೋಗುತ್ತದೆ. ತುಕ್ಕು ತಡೆಯಲು ಕ್ರೋಮಿಯಂ ಉಳಿಯುವುದೇ ಇಲ್ಲ. ಮೇಲ್ಮೈ ಗಟ್ಟಿಯಾಗುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಕೊಂಡಿದ್ದೇ ವ್ಯರ್ಥ ಅಲ್ವಾ? ಅದಕ್ಕೆ 450 ಡಿಗ್ರಿಗಿಂತ ಕೆಳಗೇ ಇರಬೇಕು. ಆಗ ಕ್ರೋಮಿಯಂ ಪರಮಾಣುಗಳು ಜಾಗ ಬಿಟ್ಟು ಕದಲುವುದಿಲ್ಲ. ಸಣ್ಣ ನೈಟ್ರೋಜನ್ ಪರಮಾಣುಗಳು ಮಾತ್ರ ನಡುವೆ ತೂರಿಕೊಂಡು ಎಸ್-ಫೇಸ್ ಎಂಬ ಗಟ್ಟಿ ಪದರ ಕಟ್ಟುತ್ತವೆ. ಪದರ ತೆಳ್ಳಗಿರುತ್ತದೆ, ಆದರೆ ತುಕ್ಕು ತಡೆಯುವ ಗುಣ ಉಳಿಯುತ್ತದೆ.

ಇನ್ನು ನೈಟ್ರೋಜನ್ ಇಳಿಯುವ ಆಳ. ಅದು ಸಮಯದ ವರ್ಗಮೂಲದಂತೆ ಬೆಳೆಯುತ್ತದೆ. ಎರಡು ಪಟ್ಟು ಆಳ ಬೇಕಾದರೆ ನಾಲ್ಕು ಪಟ್ಟು ಹೊತ್ತು ಕಾಯಬೇಕು. ಅವಸರಕ್ಕೆ ತಾಪಮಾನ ಏರಿಸಲು ಹೋದರೆ 304ರಲ್ಲಿ ಏನಾಗುತ್ತದೆಂದು ಈಗ ನಿಮಗೇ ಗೊತ್ತು.