ಸಹ್ಯಾದ್ರಿಗೆ ಒಯ್ಯುವ ಜಿಪಿಎಸ್ ಅನ್ನು ಒರೆಗೆ ಹಚ್ಚುವುದು ಹೇಗೆ?

ಪುಣೆ, ಮುಂಬೈಗಳಲ್ಲಿ ನೆಲೆಸಿರುವ ಕನ್ನಡಿಗರ ಚಾರಣದ ಗುಂಪುಗಳಲ್ಲಿ ಮಳೆಗಾಲ ಹತ್ತಿರವಾದಂತೆ ಒಂದು ಪ್ರಶ್ನೆ ಏಳುತ್ತದೆ: ಕೈಯಲ್ಲಿ ಹಿಡಿಯುವ ಜಿಪಿಎಸ್‌ಗಳಲ್ಲಿ ಯಾವುದು ಒಳ್ಳೆಯದು? ಹೆಚ್ಚಿನವರ ಕಣ್ಣು ಹೋಗುವುದು ಪರದೆಯ ‘±3 ಮೀ’ ಎಂಬ ಅಂಕಿಯತ್ತ. ಅದು ಅಳೆದು ಬಂದದ್ದಲ್ಲ, ತಾನು ತೋರಿಸುವ ಜಾಗ ಎಷ್ಟು ತಪ್ಪಿರಬಹುದೆಂದು ಉಪಕರಣ ತಾನೇ ಹಾಕಿಕೊಂಡ ಅಂದಾಜು. ಉಪಗ್ರಹಗಳು ಆಕಾಶದಲ್ಲಿ ಹೇಗೆ ಹರಡಿವೆ, ಸಂಕೇತ ಎಷ್ಟು ಗಟ್ಟಿಯಾಗಿದೆ ಎಂಬುದರಿಂದ ಅದು ಹುಟ್ಟುತ್ತದೆ. ಬಂಡೆಗೆ ಬಡಿದು ಸುತ್ತಿ ಬಂದ ಸಂಕೇತದಿಂದಾಗುವ ತಪ್ಪು ಆ ಅಂಕಿಯಲ್ಲಿ ಸರಿಯಾಗಿ ಕಾಣುವುದಿಲ್ಲ.

ಇದನ್ನು ನೋಡಲು ಪುಣೆಯವರು ದೂರ ಹೋಗಬೇಕಿಲ್ಲ. ವೇತಾಳ ಟೇಕಡಿಯ ನೆತ್ತಿಯಲ್ಲಿ ಬಯಲು ಆಕಾಶವಿದೆ, ಅದೇ ಗುಡ್ಡದಲ್ಲಿ ಹಳೆಯ ಕಲ್ಲುಗಣಿಯೂ ಇದೆ. ತಿಂಗಳುಗಟ್ಟಲೆ ಆಫ್ ಆಗಿದ್ದ ಉಪಕರಣವನ್ನು ಮೊದಲು ಬಯಲಲ್ಲಿ 15 ನಿಮಿಷ ಸುಮ್ಮನೆ ಇಡಿ. ಆಲ್ಮನಾಕ್ ಎಂಬ ಉಪಗ್ರಹಗಳ ಪಂಚಾಂಗ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಆಮೇಲೆ ಅದನ್ನು ಕಲ್ಲಿನ ಮೇಲೆ ಅಲುಗದಂತೆ ಇಟ್ಟು, ಸೆಕೆಂಡಿಗೊಂದು ಬಿಂದುವಿನಂತೆ ಅರ್ಧ ಗಂಟೆ ಟ್ರ್ಯಾಕ್ ದಾಖಲಿಸಿ. ಕಂಪ್ಯೂಟರಿನಲ್ಲಿ ತೆರೆದಾಗ ಚುಕ್ಕಿಗಳ ಗುಂಪು ಕಾಣುತ್ತದೆ. ನೂರರಲ್ಲಿ 95 ಚುಕ್ಕಿಗಳನ್ನು ಒಳಗೊಳ್ಳುವ ವೃತ್ತದ ತ್ರಿಜ್ಯ ಎಷ್ಟೆಂದು ಅಳೆಯಿರಿ. ಗಣಿಯ ಗೋಡೆಯ ಬುಡದಲ್ಲೂ ಹೀಗೇ ಮಾಡಿ. ಅಲ್ಲಿ ಚುಕ್ಕಿಗಳು ಚದುರುವುದಷ್ಟೇ ಅಲ್ಲ, ಇಡೀ ಗುಂಪೇ ಒಂದು ಪಕ್ಕಕ್ಕೆ ಸರಿದಿರಬಹುದು. ಕೊಳ್ಳುವ ಮುನ್ನ ಎರಡು ಮಾದರಿಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಸಿಕ್ಕರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಇನ್ನೊಂದು ದಿನ ಮತ್ತೆ ಪರೀಕ್ಷಿಸುವುದಾದರೆ ಹೊತ್ತು ಬದಲಾಯಿಸಿ. ಜಿಪಿಎಸ್ ಉಪಗ್ರಹಗಳು 23 ಗಂಟೆ 56 ನಿಮಿಷಕ್ಕೊಮ್ಮೆ ಆಕಾಶದ ಅದೇ ಜಾಗಕ್ಕೆ ಮರಳುತ್ತವೆ. ನಾಳೆ ಇದೇ ಹೊತ್ತಿಗೆ ನಿಂತರೆ ಹಳೆಯ ಪ್ರಶ್ನೆಪತ್ರಿಕೆಗೇ ಮತ್ತೆ ಉತ್ತರ ಬರೆದಂತೆ.

ಭಂಡಾರದರಾ ಸಮೀಪದ ಸಾಂದಣ ಕಣಿವೆಯಂಥ ಇಕ್ಕಟ್ಟಿನಲ್ಲಿ ತಪ್ಪು ಇನ್ನೂ ದೊಡ್ಡದು. ಆಕಾಶ ಒಂದು ಪಟ್ಟಿಯಷ್ಟೇ ಕಾಣುವುದರಿಂದ ಸಿಗುವ ಉಪಗ್ರಹಗಳೂ ಆ ಪಟ್ಟಿಯಲ್ಲೇ ಸಾಲಾಗಿರುತ್ತವೆ. ಕಣಿವೆಯ ಉದ್ದಕ್ಕೆ ಸ್ಥಾನ ತಕ್ಕಮಟ್ಟಿಗೆ ಸರಿ ಬಂದರೂ ಅಡ್ಡಕ್ಕೆ ಜಾರುತ್ತದೆ. ಉಪಗ್ರಹಗಳು ಸಂಕೇತ ಕಳಿಸುವ ಆವರ್ತನಗಳಲ್ಲಿ ಎಲ್1, ಎಲ್5 ಎಂಬ ಎರಡಿವೆ. ಇಲ್ಲಿ ನೆರವಾಗುವುದು ಎಲ್1 ಜೊತೆಗೆ ಎಲ್5 ಸಂಕೇತವನ್ನೂ ಹಿಡಿಯುವ ಉಪಕರಣ. ದೂರ ಅಳೆಯಲು ಸಂಕೇತದಲ್ಲಿ ಬರುವ ಎಲ್5ರ ಕೋಡ್ ಹಳೆಯ ಎಲ್1 ಕೋಡ್‌ಗಿಂತ ಹತ್ತು ಪಟ್ಟು ವೇಗದ್ದು. ಕೋಡಿನ ಒಂದೊಂದು ತುಣುಕು ಎಲ್1ರಲ್ಲಿ ಸುಮಾರು 300 ಮೀಟರ್ ಉದ್ದ, ಎಲ್5ರಲ್ಲಿ 30 ಮೀಟರ್. ಹಾಗಾಗಿ ನೇರ ಬಂದದ್ದು ಯಾವುದು, ಗೋಡೆಗೆ ಬಡಿದು ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಸುಲಭ. ದುಡ್ಡು ಹಾಕುವುದಾದರೆ ಇದಕ್ಕೆ ಹಾಕಿ, ಕ್ಯಾಮೆರಾಕ್ಕೆ ಬೇಡ.

ಹಿಡಿಯುವ ರೀತಿಯೂ ಮುಖ್ಯ. ತಲೆಯ ಮೇಲೆ ಮೋಟು ಕೊಂಬಿನಂತೆ ಆಂಟೆನಾ ಇರುವುದನ್ನು ನೆಟ್ಟಗೆ ಹಿಡಿಯಬೇಕು, ಒಳಗೆ ಚಪ್ಪಟೆ ಆಂಟೆನಾ ಇರುವುದನ್ನು ಅಂಗಾತ. ಪ್ಯಾಂಟಿನ ಜೇಬಿಗೆ ಹಾಕಿದರೆ ದೇಹವೇ ಅರ್ಧ ಆಕಾಶವನ್ನು ಮರೆಮಾಡುತ್ತದೆ. ಬ್ಯಾಗಿನ ಭುಜದ ಪಟ್ಟಿಗೆ ಸಿಕ್ಕಿಸಿಕೊಳ್ಳಿ.

ಎತ್ತರದ ಲೆಕ್ಕ ಹೆಚ್ಚು ಜನರನ್ನು ದಾರಿ ತಪ್ಪಿಸುತ್ತದೆ. ವಾಯುಭಾರಮಾಪಕ ಇರುವ ಮಾದರಿ ಒತ್ತಡದಿಂದ ಎತ್ತರ ಹೇಳುತ್ತದೆ, 1 ಹೆಕ್ಟೊಪಾಸ್ಕಲ್ (ಒತ್ತಡದ ಅಳತೆ) ಇಳಿದರೆ 8–9 ಮೀಟರ್ ಏರಿದ ಲೆಕ್ಕ. ನಮ್ಮ ಉಷ್ಣವಲಯದಲ್ಲಿ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ ಸಂಜೆ ನಾಲ್ಕರ ಸುಮಾರಿಗೆ ಇಳಿಯುವುದು ದಿನವೂ ಇದ್ದದ್ದೇ. ನೀವು ಕೂತಲ್ಲೇ ಕೂತಿದ್ದರೂ ಉಪಕರಣ 20–30 ಮೀಟರ್ ಮೇಲೇರಿದಂತೆ ತೋರಿಸುತ್ತದೆ. ಹತ್ತುವ ಮೊದಲು ಎತ್ತರ ಗೊತ್ತಿರುವ ಜಾಗದಲ್ಲಿ ಸರಿಹೊಂದಿಸಿ, ದಾರಿಯಲ್ಲಿ ಅಂಥ ಜಾಗ ಸಿಕ್ಕಾಗಲೆಲ್ಲ ಮತ್ತೆ ಹೊಂದಿಸಿ.

ಸ್ಥಾನ ಸರಿಯಿದ್ದರೂ ಬಾಣದ ಗುರುತು ಅಪಾಯಕ್ಕೆ ಒಯ್ಯಬಹುದು. ‘ಗೋ ಟು’ ಒತ್ತಿದಾಗ, ದಾರಿ ಹುಡುಕುವ ನಕ್ಷೆ ಇಲ್ಲದಿದ್ದರೆ, ಅದು ತೋರಿಸುವುದು ನೇರ ಗೆರೆ. ಹರಿಶ್ಚಂದ್ರಗಡದ ಕೊಂಕಣ ಕಡಾದಂಥ ಕಡಿದಾದ ಅಂಚುಗಳು ಆ ಗೆರೆಗೆ ಲೆಕ್ಕಕ್ಕಿಲ್ಲ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ನಕ್ಷೆಯ ಸಮೋನ್ನತಿ ರೇಖೆಗಳನ್ನೂ ಪೂರ್ತಿ ನಂಬಬೇಡಿ. 30 ಮೀಟರ್ ಚೌಕಕ್ಕೊಂದರಂತೆ ಎತ್ತರ ಹೇಳುವ ದತ್ತಾಂಶದಿಂದ ಎಳೆದ ರೇಖೆಗಳಲ್ಲಿ ನೆಟ್ಟನೆಯ ಬಂಡೆಯೂ ಇಳಿಜಾರಿನಂತೆ ಕಾಣುತ್ತದೆ. ಊರವರು ನಡೆಯುವ ದಾರಿಯ ಟ್ರ್ಯಾಕ್ ಮೊದಲೇ ತುಂಬಿಸಿಕೊಂಡು ಅದನ್ನೇ ಹಿಂಬಾಲಿಸಿ, ಮಂಜು ಕವಿದ ಜುಲೈಯಲ್ಲಂತೂ ಬೇರೆ ದಾರಿಯೇ ಬೇಡ.

ರೀಚಾರ್ಜ್ ಸೆಲ್ ಹಾಕಿದರೆ ಸೆಟ್ಟಿಂಗ್‌ನಲ್ಲಿ ಸೆಲ್ಲಿನ ಬಗೆಯನ್ನೂ ಬದಲಿಸಿ. ಆಲ್ಕಲೈನ್ 1.5 ವೋಲ್ಟ್, ನಿಕಲ್ ಸೆಲ್ 1.2 ವೋಲ್ಟ್. ಬದಲಿಸದಿದ್ದರೆ ತುಂಬಿದ ಸೆಲ್ಲೂ ಅರ್ಧ ಖಾಲಿಯಾದಂತೆ ಕಾಣುತ್ತದೆ. ಉಪಕರಣ ನೀರು ತಡೆಯುವ ಮಟ್ಟ ಐಪಿಎಕ್ಸ್7 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ, ಅದೂ ಸೆಲ್ ಮುಚ್ಚಳದ ರಬ್ಬರಿನಲ್ಲಿ ಮಣ್ಣು ಕೂತಿರದಿದ್ದರೆ.

ಕೊನೆಯದಾಗಿ ಅಕ್ಷಾಂಶ ಬರೆಯುವ ಬಗೆ. ಒಂದು ಡಿಗ್ರಿಗೆ 60 ಮಿನಿಟು. ಸಿಂಹಗಡದ 18° 22′ (18 ಡಿಗ್ರಿ 22 ಮಿನಿಟು) ಅನ್ನು 18.22° ಎಂದು ಒತ್ತಿದರೆ ಗುರುತು ದಕ್ಷಿಣಕ್ಕೆ 16 ಕಿ.ಮೀ.ಗೂ ಹೆಚ್ಚು ಸರಿಯುತ್ತದೆ. ಗುಂಪಿನ ಎಲ್ಲ ಉಪಕರಣಗಳನ್ನೂ, ಫೋನುಗಳನ್ನೂ ಹೊರಡುವ ಮುನ್ನ ಒಂದೇ ಬಗೆಗೆ ತನ್ನಿ. ಯಾರಾದರೂ ಬಿದ್ದು ಫೋನಿನಲ್ಲಿ ಸ್ಥಳ ಹೇಳಬೇಕಾದಾಗ ಡಿಗ್ರಿ, ಮಿನಿಟು, ದಶಾಂಶ ಯಾವುದೆಂದು ಬಾಯಿಬಿಟ್ಟು ಹೇಳಿ, ಕೇಳಿದವರಿಂದ ಮರಳಿ ಓದಿಸಿ.