ಆಲ್ಪ್ಸ್ ಎರಡೋ, ಮೂರೋ?

ಸ್ವಿಟ್ಜರ್ಲೆಂಡಿನಲ್ಲಿ, ಇಟಲಿ ಗಡಿಯ ಹತ್ತಿರ, ಪಿಟ್ಸ್ ಬೆರ್ನಿನಾ ಅಂತ ಒಂದು ಶಿಖರವಿದೆ. ಎತ್ತರ 4,049 ಮೀಟರ್. ಆಸ್ಟ್ರಿಯಾದವರನ್ನು ಕೇಳಿದರೆ ಅದು ಪೂರ್ವ ಆಲ್ಪ್ಸ್‌ನಲ್ಲಿದೆ ಅನ್ನುತ್ತಾರೆ. ಹಳೆಯ ಇಟಾಲಿಯನ್ ಪಠ್ಯಪುಸ್ತಕ ತೆರೆದರೆ ಅದೇ ಬೆಟ್ಟ ಮಧ್ಯ ಆಲ್ಪ್ಸ್‌ನಲ್ಲಿ ಕೂತಿರುತ್ತದೆ. ಬೆಟ್ಟವಂತೂ ಜಾಗ ಬಿಟ್ಟು ಕದಲಿಲ್ಲ, ಅಲ್ವಾ? ಆಲ್ಪ್ಸ್ ಪರ್ವತಸಾಲನ್ನು ಎರಡು ಭಾಗ ಮಾಡಬೇಕೋ, ಮೂರೋ ಅನ್ನುವುದರಲ್ಲೇ ಒಮ್ಮತವಿಲ್ಲ.

ಮೊದಮೊದಲು ಇಡೀ ಸಾಲಿಗೆ ಒಂದೇ ಹೆಸರೂ ಬೇಕಿರಲಿಲ್ಲ. ಅಲ್ಲಿನ ದನಗಾಹಿಗಳಿಗೆ 'ಆಲ್ಪ್' ಅಂದರೆ ಶಿಖರವಲ್ಲ, ಬೇಸಿಗೆಯಲ್ಲಿ ಹಸು ಹೊಡೆದುಕೊಂಡು ಹೋಗುವ ಮೇಲಿನ ಹುಲ್ಲುಗಾವಲು. ತುಂಡುತುಂಡಾಗಿ ಹೆಸರಿಟ್ಟವರು ರೋಮನ್ನರು. ಕೊಟ್ಟಿಯಸ್ ಎಂಬ ಸ್ಥಳೀಯ ರಾಜ ಆಳಿದ ಕಡೆ ಕೊಟ್ಟಿಯನ್ ಆಲ್ಪ್ಸ್ ಆಯಿತು. ಇನ್ನೊಂದು ತುಂಡಾದ ಪೆನ್ನೈನ್ ಆಲ್ಪ್ಸ್‌ನ ಹೆಸರು, ಆಲ್ಪ್ಸ್ ದಾಟಿ ರೋಮನ್ನರ ಮೇಲೆ ಬಂದ ಕಾರ್ಥೇಜ್ ಸೇನಾಪತಿ ಹ್ಯಾನಿಬಲ್‌ನ ಪ್ಯೂನಿಕ್ (ಅಂದರೆ ಕಾರ್ಥೇಜಿನ) ಸೈನ್ಯದಿಂದ ಬಂತು ಅಂತ ಆಗಲೇ ಕೆಲವರು ಹೇಳುತ್ತಿದ್ದರು. ಇಲ್ಲ, ಅದು ಅಲ್ಲಿನ ಬೆಟ್ಟದ ದೇವರ ಹೆಸರು ಅಂತ ಇತಿಹಾಸಕಾರ ಲಿವಿ ಅಲ್ಲಗಳೆದ. ನನಗೂ ದೇವರ ಕತೆಯೇ ಸರಿ ಅನ್ನಿಸುತ್ತದೆ.

ನಿಜವಾದ ಗೊಂದಲ 20ನೇ ಶತಮಾನದ್ದು. 1926ರಲ್ಲಿ ಇಟಲಿ ತನ್ನ ಅಧಿಕೃತ ವಿಂಗಡಣೆ ಪ್ರಕಟಿಸಿತು: ಪಶ್ಚಿಮ, ಮಧ್ಯ, ಪೂರ್ವ, ಒಳಗೆ 26 ವಿಭಾಗ. ಮಧ್ಯ ಭಾಗ ಮುಗಿಯುವುದು ಬ್ರೆನ್ನರ್ ಕಣಿವೆದಾರಿಯಲ್ಲಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಇಟಲಿಯ ಗಡಿ ಬಂದು ನಿಂತಿದ್ದೂ ಅಲ್ಲೇ! ಜರ್ಮನ್ ಭಾಷಿಕ ಪರ್ವತಾರೋಹಿಗಳ ಲೆಕ್ಕ ಬೇರೆ. ಅವರಿಗೆ ಇರುವುದು ಎರಡೇ ಭಾಗ. ಗೆರೆ ಕಾನ್ಸ್ಟನ್ಸ್ ಸರೋವರದಿಂದ ರೈನ್ ಕಣಿವೆ ಹಿಡಿದು ಮೇಲೇರಿ, ಸ್ಪ್ಲೂಗೆನ್ ಕಣಿವೆದಾರಿ ದಾಟಿ ಕೋಮೋ ಸರೋವರಕ್ಕೆ ಇಳಿಯುತ್ತದೆ. ಬೆರ್ನಿನಾ ಈ ಗೆರೆಯ ಪೂರ್ವಕ್ಕಿದೆ. ಹಾಗಾಗಿ ಪೂರ್ವ ಆಲ್ಪ್ಸ್‌ನಲ್ಲಿ ನಾಲ್ಕು ಸಾವಿರ ಮೀಟರ್ ದಾಟಿದ ಪರ್ವತ ಅದೊಂದೇ. 1984ರಲ್ಲಿ ಅವರ ಆರೋಹಣ ಸಂಘಗಳು ಪೂರ್ವ ಆಲ್ಪ್ಸ್ ಒಂದನ್ನೇ 75 ಗುಂಪು ಮಾಡಿದವು.

2005ರಲ್ಲಿ ಇಟಲಿಯವರೇ ಆದ ಸೆರ್ಜಿಯೋ ಮರಾಜಿ ಎಲ್ಲ ಪದ್ಧತಿಗಳನ್ನೂ ಒಂದೇ ಚೌಕಟ್ಟಿಗೆ ತರಲು ಹೊರಟರು. ಅವರೂ ಎರಡೇ ಭಾಗ ಒಪ್ಪಿಕೊಂಡರು. ಒಳಗೆ 36 ವಿಭಾಗ, 132 ಉಪವಿಭಾಗ, ಶಿಖರಗಳಿಗೆ ಅಂಚೆ ಪಿನ್‌ಕೋಡಿನ ಥರ ಸಂಕೇತ. ಲೆಕ್ಕ ಚೊಕ್ಕವಾಗಿದೆ, ಆದರೆ ನೆನಪಲ್ಲಿ ಉಳಿಯುವುದು ಕಷ್ಟ.

ಆಲ್ಪ್ಸ್‌ನ ತುಂಡುಗಳ ಹೆಸರು ನೆನಪಿಡಲು ಇಟಲಿಯ ಶಾಲೆಗಳಲ್ಲಿ ಮಕ್ಕಳು ಬಾಯಿಪಾಠ ಮಾಡುತ್ತಿದ್ದದ್ದು ಒಂದು ಸಾಲು: 'ಮಾ ಕೊನ್ ಗ್ರಾನ್ ಪೇನಾ ಲೆ ರೆಕಾ ಜೂ'. 'ಆದರೆ ಬಹಳ ಕಷ್ಟಪಟ್ಟು ಅವನ್ನು ಕೆಳಗೆ ತರುತ್ತಾನೆ' ಅಂತ ಅರ್ಥ. ಮಾ ಅಂದರೆ ಮಾರಿಟೈಮ್, ಕೊನ್ ಅಂದರೆ ಕೊಟ್ಟಿಯನ್, ಹೀಗೇ ಜೂಲಿಯನ್ ತನಕ ಎಂಟು ಹೆಸರು. ನಮ್ಮ ಬೆರ್ನಿನಾ ಆ ಸಾಲಿನ 'ರೆ' ಒಳಗೆ, ರೇಟಿಯನ್ ಆಲ್ಪ್ಸ್‌ನಲ್ಲಿ, ಅಡಗಿದೆ.