ಮನೆಯಲ್ಲಿ ಮಾರ್ಫಿನ್ ಇಟ್ಟುಕೊಂಡರೆ ಕೇಸ್ ಆಗುತ್ತಾ?

ಪ್ರಶ್ನೆ: ಅಪ್ಪನಿಗೆ ಕ್ಯಾನ್ಸರ್. ನೋವು ತಡೆಯೋಕೆ ಆಗದೆ ಆಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ ಕೊಟ್ಟಿದ್ದಾರೆ. ಟಿವಿಯಲ್ಲಿ ಡ್ರಗ್ಸ್ ಕೇಸ್ ನೋಡಿ ಮನೆಯವರಿಗೆಲ್ಲ ಹೆದರಿಕೆ. ಇದನ್ನು ಮನೆಯಲ್ಲಿ ಇಡಬಹುದಾ? ಬಸ್ಸಿನಲ್ಲಿ ಊರಿಗೆ ಒಯ್ಯಬಹುದಾ?

ಉತ್ತರ: ಇಡಬಹುದು, ಒಯ್ಯಲೂಬಹುದು. ಮೊದಲು ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಿ. ಕಾನೂನಿನ ಮಾತು ಆಮೇಲೆ ಓದಿ.

ಈ ಹೆದರಿಕೆ ಏನು ಮಾಡುತ್ತೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ದೊಡ್ಡಮ್ಮನಿಗೆ ನಾಲ್ಕು ಗಂಟೆಗೊಮ್ಮೆ 10 ಎಂಜಿ ಮಾತ್ರೆ ಬರೆದಿದ್ದರು. ಮನೆಯವರು ಅದನ್ನು ಚಾಕುವಿನಲ್ಲಿ ಅರ್ಧ ಮಾಡಿ, ದಿನಕ್ಕೆ ಎರಡೇ ಸಲ ಕೊಡುತ್ತಿದ್ದರು. ಉಳಿದದ್ದು ಅಕ್ಕಿ ಡಬ್ಬಿಯೊಳಗೆ. ದೊಡ್ಡಮ್ಮ ರಾತ್ರಿಯೆಲ್ಲ ನರಳುತ್ತಿದ್ದರು.

ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಮಾರ್ಫಿನ್ ಇಟ್ಟುಕೊಳ್ಳೋದನ್ನು ನಿಷೇಧಿಸುತ್ತದೆ, ನಿಜ. ಆದರೆ ನಿಷೇಧ ಹಾಕುವ 8ನೇ ಸೆಕ್ಷನ್ನೇ ಚಿಕಿತ್ಸೆಗೆ, ಸಂಶೋಧನೆಗೆ ಬಾಗಿಲು ತೆರೆದಿಟ್ಟಿದೆ. 2015ರ ನಿಯಮಗಳು ಇನ್ನೂ ಸ್ಪಷ್ಟ. ನಿಯಮದಂತೆ ರೋಗಿಯ ಬಳಕೆಗೆ ಅಂತ ಒಂದು ಸಲಕ್ಕೆ ಎಷ್ಟು ಕೊಟ್ಟಿದ್ದಾರೋ, ಅಷ್ಟನ್ನು ರೋಗಿ ಇಟ್ಟುಕೊಳ್ಳಬಹುದು. ಸರ್ಕಾರದ ಮಾನ್ಯತೆ ಬೇಕಿರುವುದು ಆಸ್ಪತ್ರೆಗೆ, ನಿಮಗಲ್ಲ.

ಹಾಗಾದರೆ ಬೀದಿಯ ಮೆಡಿಕಲ್ ಶಾಪಿನಲ್ಲಿ ಯಾಕೆ ಸಿಗಲ್ಲ? ಇದಕ್ಕೆ ಹಳೇ ಕಥೆ ಇದೆ. ಮೊದಲು ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ ಇತ್ತು. ಮಾರ್ಫಿನ್ ತರಿಸೋಕೆ ಆಸ್ಪತ್ರೆಗಳು ನಾಲ್ಕೈದು ಲೈಸೆನ್ಸ್ ಪಡೆಯಬೇಕಿತ್ತು. ಕೊನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಎಷ್ಟೋ ಆಸ್ಪತ್ರೆಗಳು ಈ ಗೋಜೇ ಬೇಡ ಅಂತ ಬಿಟ್ಟವು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ರೈತರು ಸರ್ಕಾರದ ಲೈಸೆನ್ಸ್ ಪಡೆದು ಅಫೀಮು ಬೆಳೆಯುವ ದೇಶ ನಮ್ಮದು. ಅದೇ ಅಫೀಮಿನಿಂದ ಬರುವ ಔಷಧ ನಮ್ಮ ರೋಗಿಗಳಿಗೇ ಸಿಗುತ್ತಿರಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಬಂತು. ಈಗ ರಾಜ್ಯದ ಔಷಧ ನಿಯಂತ್ರಕರು ಮಾನ್ಯತೆ ಕೊಟ್ಟರೆ ಆಸ್ಪತ್ರೆಯೇ ತರಿಸಿ ಕೊಡಬಹುದು. ಅದಕ್ಕೇ ಮಾತ್ರೆ ಮುಗಿಯುವ ನಾಲ್ಕು ದಿನ ಮುಂಚೆ ನಿಮ್ಮ ಆಸ್ಪತ್ರೆಗೇ ಹೋಗಿ. ವಿಡಿಯೋ ಕಾಲ್‌ನಲ್ಲಿ ಚೀಟಿ ಸಿಗುವುದಿಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಈ ಔಷಧಗಳನ್ನು ಹಾಗೆ ಬರೆಯಲು ಬಿಡುವುದಿಲ್ಲ.

ಬಸ್ಸಿನಲ್ಲಿ ಹೋಗುವಾಗ ಮಾತ್ರೆಗಳನ್ನು ಆಸ್ಪತ್ರೆ ಕೊಟ್ಟ ಕವರಿನಲ್ಲೇ ಇಡಿ. ಬೇರೆ ಡಬ್ಬಿಗೆ ಸುರಿಯಬೇಡಿ. ಚೀಟಿ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲು ಜೊತೆಗಿರಲಿ. ಫೋನಿನಲ್ಲಿ ಅವುಗಳ ಫೋಟೋ ಕೂಡ ಇರಲಿ. ಯಾರಾದರೂ ಕೇಳಿದರೆ ತೋರಿಸಿ, ಅಷ್ಟೇ.

ತಪ್ಪು ಆಗುವುದು ಬೇರೆ ಕಡೆ. ಪಕ್ಕದ ಮನೆಯವರಿಗೆ ಸೊಂಟ ನೋವು ಅಂತ ಎರಡು ಮಾತ್ರೆ ಕೊಡ್ತೀವಲ್ಲ, ಅಲ್ಲಿ. ಮನಸ್ಸು ಒಳ್ಳೆಯದೇ ಇದ್ದರೂ ಕಾನೂನಿನ ಕಣ್ಣಿಗೆ ಅದು ಮಾದಕ ವಸ್ತು ಹಂಚಿದಂತೆ. ಮಾರ್ಫಿನ್‌ಗೆ 5 ಗ್ರಾಂವರೆಗೆ ಸಣ್ಣ ಪ್ರಮಾಣ. ಅದಕ್ಕೂ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 250 ಗ್ರಾಂ ದಾಟಿದರೆ ವ್ಯಾಪಾರದ ಪ್ರಮಾಣ, ಕನಿಷ್ಠ 10 ವರ್ಷ ಜೈಲು. ಕಾನೂನು ಪಕ್ಕಕ್ಕಿರಲಿ, ಮಾರ್ಫಿನ್ ಅಭ್ಯಾಸ ಇಲ್ಲದವರಿಗೆ ಡೋಸ್ ಜಾಸ್ತಿಯಾದರೆ ಉಸಿರೇ ನಿಧಾನವಾಗುತ್ತದೆ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ.

ಡಾಕ್ಟರು ಡೋಸ್ ಬದಲಿಸಿದಾಗಲೋ, ಔಷಧ ಬೇಡವೆಂದಾಗಲೋ ಮಾತ್ರೆ ಉಳಿದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಎಣಿಸಿ, ಚೀಟಿಯ ಸಮೇತ ಕೊಟ್ಟ ಆಸ್ಪತ್ರೆಗೇ ವಾಪಸ್ ತೆಗೆದುಕೊಂಡು ಹೋಗಿ.